ಕೊಂಡಿ ಕೂಡದ ಕಥೆ

ಚೆನ್ನೈಯ ಉತ್ತರ ದಿಕ್ಕಿನಲ್ಲಿ, ರಾಯಪುರಂಗೆ ಅಂಟಿಕೊಂಡಂತೆ, ಕಡಲ ಅಂಚಿನಲ್ಲಿ ಕಾಸಿಮೇಡು ಇದೆ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಅದು ಭಾನುವಾರದ ಮೀನುಪೇಟೆಯೆಂದು ಮಾತ್ರ ಗೊತ್ತು. ಮೀನು ತಿನ್ನದವರಿಗೆ ಅಷ್ಟೂ ಗೊತ್ತಿರಲಾರದು. ಬೆಳಗಿನ ಜಾವ ಅಲ್ಲಿಗೆ ಹೋದರೆ ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ಹರಾಜಿನ ಕೂಗು, ರಾಶಿ ಹಾಕಿದ ವಂಜಿರಂ ಮೀನು (ನಮ್ಮ ಕರಾವಳಿಯವರು ಅಂಜಲ್ ಎನ್ನುವುದು ಇದನ್ನೇ) ಕಾಣುತ್ತವೆ. ನಿವೃತ್ತನಾದ ಮೇಲೆ ನಾನು ಈ ಭಾಗದಲ್ಲೇ ನೆಲೆಸಿರುವುದರಿಂದ ಆ ಬೀದಿಗಳು ನನಗೆ ಪರಿಚಿತ. ಇಂತಹ ಊರಿಗೂ ಗಣಕಯಂತ್ರದ ಒಂದು ಸೂಕ್ಷ್ಮ ತೊಡಕಿಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಅದನ್ನೇ ಹೇಳಹೊರಟಿದ್ದೇನೆ.

ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೊದಲು 45 ದಿನವಿದ್ದ ಈ ನಿಷೇಧ 2017ರಿಂದ 61 ದಿನವಾಗಿದೆ. 2024ರ ನಿಷೇಧದ ದಿನಗಳಲ್ಲಿ, ದೋಣಿಯ ಮನೆತನದ ಒಬ್ಬ ಹುಡುಗಿ ತನ್ನ ಲ್ಯಾಪ್‌ಟಾಪ್ ಹಿಡಿದು ನನ್ನಲ್ಲಿಗೆ ಬಂದಳು. ಇಂಜಿನಿಯರಿಂಗ್ ಓದುತ್ತಿದ್ದ ಆಕೆ ಒಂದು ಪ್ರೋಗ್ರಾಂ ಬರೆಯುತ್ತಿದ್ದಳು. ಉಪಗ್ರಹಗಳು ಅಳೆದ ಕಡಲ ಮೇಲ್ಮೈಯ ಉಷ್ಣತೆಯನ್ನು ಓದಿ, ತಂದೆಯ ಹಳೆಯ ಕಂಪ್ಯೂಟರಿನ ಮೇಲೆ ನಕ್ಷೆಯಾಗಿ ತೋರಿಸಬೇಕೆಂಬುದು ಅದರ ಉದ್ದೇಶ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ತಾಣಗಳ ಸೂಚನೆಯನ್ನು ಕೊಡುತ್ತದೆ, ನಿಜ. ಆದರೆ ಅದರ ಹಿಂದಿರುವ ಅಂಕಿಗಳನ್ನು ತಾನೇ ನೋಡಬೇಕೆಂಬ ಹಂಬಲ ಆಕೆಯದು. ದೋಣಿಗಳು ಕಡಲಿಗಿಳಿಯುವ ಜೂನ್ 15ರೊಳಗೆ ಅದು ಮುಗಿಯಬೇಕಿತ್ತು.

“ನಾನು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ ಅನ್ನುತ್ತದೆ ಸಾರ್. ಆದರೂ ಪ್ರೋಗ್ರಾಂ ಹುಟ್ಟುವುದಿಲ್ಲ,” ಎಂದಳು.

ಪರದೆಯ ಮೇಲೆ “ಅನ್‌ರಿಸಾಲ್ವ್ಡ್ ಎಕ್ಸ್‌ಟರ್ನಲ್ ಸಿಂಬಲ್” ಎಂಬ ಸಾಲು ಹದಿನಾಲ್ಕು ಬಾರಿ ಇತ್ತು. ಹೊರಗಿನ ಹೆಸರೊಂದನ್ನು ಕರೆದಿದ್ದೀರಿ, ಆ ಹೆಸರಿನವರು ಯಾರೂ ಸಿಗಲಿಲ್ಲ ಎಂಬುದು ಅದರ ಅರ್ಥ. ಅದನ್ನು ನೋಡಿ ನನಗೆ ಸುಮಾರು ಐವತ್ತು ವರ್ಷದ ಹಿಂದಿನ ನನ್ನದೇ ಒಂದು ದಿನ ನೆನಪಾಯಿತು.

ಬೀರುವಿನಲ್ಲಿಟ್ಟ ಟೇಪುಗಳು

ಈ ತೊಡಕು ಗಣಕಯಂತ್ರದಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1949ರ ಮೇ 6ರಂದು ಎಡ್ಸಾಕ್ ಎಂಬ ಯಂತ್ರ ತನ್ನ ಮೊದಲ ಲೆಕ್ಕವನ್ನು ಮಾಡಿತು. ಮಾರಿಸ್ ವಿಲ್ಕ್ಸ್ ಮತ್ತು ಅವರ ಜೊತೆಯವರಿಗೆ ಬೇಗನೆ ಒಂದು ಸಂಗತಿ ತಿಳಿಯಿತು: ವರ್ಗಮೂಲ ತೆಗೆಯುವುದು, ಅಂಕಿ ಅಚ್ಚುಮಾಡುವುದು ಮುಂತಾದ ಕೆಲಸಗಳನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯುವುದು ವ್ಯರ್ಥ, ಬರೆದಷ್ಟೂ ತಪ್ಪು ಹೆಚ್ಚು. ಹೀಗಾಗಿ ಒಮ್ಮೆ ಸರಿಯಾಗಿ ಬರೆದು ಪರೀಕ್ಷಿಸಿದ ತುಂಡುಗಳನ್ನು ತೂತು ಹೊಡೆದ ಕಾಗದದ ಟೇಪುಗಳ ಮೇಲೆ ಬೀರುವಿನಲ್ಲಿ ಇಟ್ಟರು. ಬೇಕಾದವರು ಟೇಪನ್ನು ತೆಗೆದು, ತಮ್ಮ ಟೇಪಿನ ಮೇಲೆ ಯಂತ್ರದಿಂದ ನಕಲು ಮಾಡಿಕೊಂಡು, ಮತ್ತೆ ಬೀರುವಿನಲ್ಲಿಡಬೇಕು. ಪುಸ್ತಕಾಲಯದ ಕ್ರಮವೇ ಇದಾದ್ದರಿಂದ ಅದಕ್ಕೆ ಲೈಬ್ರರಿ ಎಂದೇ ಹೆಸರಾಯಿತು.

ಆದರೆ ಒಂದು ಸಮಸ್ಯೆ ಉಳಿಯಿತು. ಒಬ್ಬರ ಪ್ರೋಗ್ರಾಮಿನಲ್ಲಿ ಆ ತುಂಡು 100ನೆಯ ಮನೆಯಿಂದ ಕೂರುತ್ತದೆ. ಇನ್ನೊಬ್ಬರದರಲ್ಲಿ 300ನೆಯ ಮನೆಯಿಂದ. ಒಳಗಿನ ವಿಳಾಸಗಳೆಲ್ಲ ಅದಕ್ಕೆ ತಕ್ಕಂತೆ ಬದಲಾಗಬೇಕು. ಡೇವಿಡ್ ವೀಲರ್ ಎಂಬ ತರುಣ ಈ ಕೂಡಿಸುವ ಕೆಲಸವನ್ನು ಯಂತ್ರವೇ ಮಾಡುವಂತೆ ಕೆಲವೇ ಹತ್ತು ಆಜ್ಞೆಗಳಲ್ಲಿ ಬರೆದ. ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ 1951ರಲ್ಲಿ ಪ್ರಕಟಿಸಿದ ಪುಸ್ತಕ ಈ ಪದ್ಧತಿಯನ್ನು ಲೋಕಕ್ಕೆ ತಿಳಿಸಿತು.

ಅಮೆರಿಕದಲ್ಲಿ ಗ್ರೇಸ್ ಹಾಪರ್ ಇದೇ ಕಷ್ಟವನ್ನು ಬೇರೆ ರೀತಿಯಲ್ಲಿ ಕಂಡರು. ಜೊತೆಯವರ ನೋಟುಪುಸ್ತಕದಿಂದ ತುಂಡುಗಳನ್ನು ಕೈಯಲ್ಲಿ ನಕಲು ಮಾಡುವಾಗ ಬುದ್ಧಿವಂತರೂ ವಿಳಾಸ ಕೂಡಿಸುವುದರಲ್ಲಿ ತಪ್ಪುತ್ತಿದ್ದರು. 1952ರ ಹೊತ್ತಿಗೆ ಹಾಪರ್ ಯೂನಿವ್ಯಾಕ್ ಯಂತ್ರಕ್ಕೆ ಬರೆದ ಎ-0 ಎಂಬ ಪ್ರೋಗ್ರಾಂ, ಕರೆದ ತುಂಡುಗಳನ್ನು ತಾನೇ ಹುಡುಕಿ ಜೋಡಿಸುತ್ತಿತ್ತು. ಅದನ್ನು ಮೊದಲ ಕಂಪೈಲರ್ ಎಂದು ಹೊಗಳುವುದುಂಟು. ಮಾಡುತ್ತಿದ್ದ ಕೆಲಸವನ್ನು ನೋಡಿದರೆ ಇಂದಿನ ಲಿಂಕರಿಗೇ ಅದು ಹೆಚ್ಚು ಹತ್ತಿರ.

ಆರು ಅಕ್ಷರದ ಹೆಸರು

1958ರಲ್ಲಿ ಬಂದ ಎರಡನೆಯ ಫೋರ್ಟ್ರಾನ್ ಒಂದು ದೊಡ್ಡ ಅನುಕೂಲವನ್ನು ತಂದಿತು. ಪ್ರೋಗ್ರಾಮಿನ ಭಾಗಗಳನ್ನು ಬೇರೆಬೇರೆಯಾಗಿ ಕಂಪೈಲ್ ಮಾಡಿ ಕೊನೆಗೆ ಕೂಡಿಸಬಹುದಾಯಿತು. ಆಗಲೇ ತಪ್ಪುಗಳೂ ಎರಡು ಬಗೆಯಾದವು. ನಿಮ್ಮ ವಾಕ್ಯದಲ್ಲಿರುವ ತಪ್ಪನ್ನು ಕಂಪೈಲರ್ ಹೇಳುತ್ತದೆ. ವಾಕ್ಯ ಸರಿಯಾಗಿದ್ದು, ನೀವು ಕರೆದವರು ಬಾರದಿದ್ದರೆ ಅದನ್ನು ಲಿಂಕರ್ ಹೇಳುತ್ತದೆ. ಲಗ್ನಪತ್ರಿಕೆಯಲ್ಲಿ ಹೆಸರು ಅಚ್ಚಾಗಿದ್ದ ಮಾತ್ರಕ್ಕೆ ನೆಂಟರು ಮಂಟಪಕ್ಕೆ ಬಂದಂತಲ್ಲ.

ನನ್ನ ಕಥೆ 1975ರದು. ಐಐಟಿ ಮದರಾಸಿಗೆ 1973ರಲ್ಲಿ ಐಬಿಎಂ 370/155 ಯಂತ್ರ ಬಂದಿತ್ತು. ಊರಿನಲ್ಲಿ ಗಣಕಯಂತ್ರದ ಮಾತು ಹರಡಿದ್ದ ಕಾಲ. ಒಂದು ಗಣಕ ಕೇಂದ್ರದಲ್ಲಿ ನಾನೂ ಕಾರ್ಡಿನ ಕಟ್ಟು ಕೊಟ್ಟು ಮರುದಿನ ಕಾಗದಕ್ಕಾಗಿ ಕಾಯುತ್ತಿದ್ದವನು. ಐಬಿಎಂನ ಪ್ರಸಿದ್ಧ ವೈಜ್ಞಾನಿಕ ಲೈಬ್ರರಿಯಲ್ಲಿ ಮ್ಯಾಟ್ರಿಕ್ಸನ್ನು ವಿಲೋಮಗೊಳಿಸುವ ತುಂಡಿನ ಹೆಸರು ‘ಮಿನ್ವ್’. ನಾನು ನೆನಪಿನಿಂದ ‘ಮಾಟಿನ್ವ್’ ಎಂದು ಬರೆದಿದ್ದೆ. ಕಂಪೈಲರ್ ಒಪ್ಪಿತು. ಲಿಂಕೇಜ್ ಎಡಿಟರ್ ಒಪ್ಪಲಿಲ್ಲ. ಎರಡಕ್ಷರಕ್ಕೆ ಒಂದು ದಿನ ಹೋಯಿತು. ಕಾಗದದ ಕೊನೆಯಲ್ಲಿ ಆ ಹೆಸರೊಂದೇ ಅಚ್ಚಾಗಿತ್ತು. ಅದನ್ನು ಕೈಪಿಡಿಯೊಂದಿಗೆ ಹೋಲಿಸಿ ನೋಡುವ ಬದಲು ನನ್ನ ಗಣಿತವನ್ನೇ ಶಂಕಿಸುತ್ತ ಕುಳಿತಿದ್ದೆ.

ಹುಡುಗಿಯ ಮೊದಲ ತಪ್ಪೂ ಇದರ ತಮ್ಮನೇ. ಕಡಲ ಅಂಕಿಗಳು ನೆಟ್‌ಸಿಡಿಎಫ್ ಎಂಬ ರೂಪದಲ್ಲಿರುತ್ತವೆ. ಅವನ್ನು ಓದುವ ಲೈಬ್ರರಿ ಅಮೆರಿಕದ ಯೂನಿಡೇಟಾ ಸಂಸ್ಥೆಯದು. ಅದರ ಹೆಡರ್ ಕಡತವನ್ನು ಆಕೆ ಸೇರಿಸಿದ್ದಳು, ಲೈಬ್ರರಿಯನ್ನು ಸೇರಿಸಿರಲಿಲ್ಲ. ಹೆಡರ್ ಎಂದರೆ ಇಂತಿಂಥ ಹೆಸರಿನವರು ಇದ್ದಾರೆ ಎಂಬ ಮಾತು ಮಾತ್ರ. ಅವರ ಮೈ ಇರುವುದು ಲೈಬ್ರರಿಯಲ್ಲಿ. ಹೊರಗಿನವರ ಲೈಬ್ರರಿಯನ್ನು ಬಳಸುವವರು ಎರಡು ಕಡೆ ಹೇಳಬೇಕು: ಲೈಬ್ರರಿಯ ಹೆಸರೇನು, ಅದು ಯಾವ ಕಡತಕೋಶದಲ್ಲಿದೆ. ಹೆಸರು ಹೇಳದಿದ್ದರೆ ‘ಸಿಗಲಿಲ್ಲ’ ಎಂಬ ಸಾಲುಗಳ ಸುರಿಮಳೆ. ಹೆಸರು ಹೇಳಿ ಜಾಗ ಹೇಳದಿದ್ದರೆ ‘ಕಡತ ತೆರೆಯಲಾಗದು’ ಎಂಬ ಒಂದೇ ಸಾಲು. ಮೈಕ್ರೋಸಾಫ್ಟಿನ ಲಿಂಕರಿನಲ್ಲಿ ಮೊದಲನೆಯದರ ಸಂಖ್ಯೆ 2019, ಎರಡನೆಯದರದು 1104. ಸಂಖ್ಯೆ ನೋಡಿದರೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ.

ಹಳಿಯ ಅಗಲ

ಎರಡನ್ನೂ ಹೇಳಿದೆವು. ಹದಿನಾಲ್ಕು ಸಾಲುಗಳು ಹಾಗೆಯೇ ಉಳಿದವು. ಹುಡುಗಿಯ ಮುಖ ಬಾಡಿತು.

ಇಲ್ಲಿ ನಾನು ಆಕೆಗೆ ಕಿಟಕಿಯಾಚೆ ಕೈ ತೋರಿಸಿದೆ. ರಾಯಪುರಂನ ರೈಲು ನಿಲ್ದಾಣ ನಮ್ಮಲ್ಲಿಂದ ದೂರವಿಲ್ಲ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಅಲ್ಲಿಂದಲೇ ಆರ್ಕಾಟಿನ ಕಡೆಗೆ, ವಾಲಾಜಾ ರೋಡಿಗೆ, ಹೊರಟದ್ದು. ಆ ದಾರಿ ಬೆಳೆದು ಜೋಲಾರಪೇಟೆಯ ಮೂಲಕ 1864ರಲ್ಲಿ ಬೆಂಗಳೂರು ದಂಡು ಪ್ರದೇಶವನ್ನು ಮುಟ್ಟಿತು. ಅದು ಐದೂವರೆ ಅಡಿ ಅಗಲದ ಹಳಿ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹಾಕಿ ಮುಗಿಸಿದ್ದು ಒಂದು ಮೀಟರ್ ಅಗಲದ ಹಳಿ. ಎರಡೂ ರೈಲೇ, ಎರಡೂ ಬೆಂಗಳೂರಿಗೇ ಬರುತ್ತಿದ್ದವು. ಆದರೆ ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡಲಾರದು. ಮೈಸೂರು ಕಡೆಯ ಸರಕು ಮದರಾಸಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಇಳಿಸಿ ಬೇರೆ ಗಾಡಿಗೆ ಹೇರಬೇಕು. 1990ರ ದಶಕದಲ್ಲಿ ಹಳಿ ಬದಲಾಗುವವರೆಗೂ ಈ ಪಾಡು ಇತ್ತು.

ಲೈಬ್ರರಿಗಳಿಗೂ ಹಳಿಯ ಅಗಲವಿದೆ. ಕೆಲವು 32 ಬಿಟ್ಟಿನವು, ಕೆಲವು 64 ಬಿಟ್ಟಿನವು. ಎಎಂಡಿ ಕಂಪೆನಿ 64 ಬಿಟ್ಟಿನ ಹೊಸ ಪ್ರೊಸೆಸರನ್ನು 2003ರಲ್ಲಿ ತಂದ ಮೇಲೆ ಈ ಎರಡು ಬಗೆಯವು ಸಾಮಾನ್ಯ ಜನರ ಮೇಜಿನ ಮೇಲೂ ಜೊತೆಗೂಡಿದವು. ಹುಡುಗಿ ತಂದ ನೆಟ್‌ಸಿಡಿಎಫ್ 64 ಬಿಟ್ಟಿನದು. ಆಕೆ ಹಳೆಯದೊಂದು ಪ್ರಾಜೆಕ್ಟನ್ನು ನಕಲು ಮಾಡಿ ಕೆಲಸ ಆರಂಭಿಸಿದ್ದರಿಂದ ಪ್ರೋಗ್ರಾಂ 32 ಬಿಟ್ಟಿಗೆ ಸಿದ್ಧವಾಗುತ್ತಿತ್ತು. ಲಿಂಕರ್ ಅದನ್ನು ಹೇಳದೆ ಇರಲಿಲ್ಲ. ಹದಿನಾಲ್ಕು ಕೆಂಪು ಸಾಲುಗಳ ಮೇಲೆ ‘ಯಂತ್ರದ ಬಗೆ ಹೊಂದುವುದಿಲ್ಲ’ ಎಂಬ ಒಂದು ಎಚ್ಚರಿಕೆ, 4272 ಎಂಬ ಸಂಖ್ಯೆಯೊಡನೆ, ಮೌನವಾಗಿ ಕುಳಿತಿತ್ತು. ಎಚ್ಚರಿಕೆ ತಾನೇ ಎಂದು ಆಕೆ ಓದಿರಲಿಲ್ಲ. ಕೊನೆಯ ದೂರಿಗಿಂತ ಮೊದಲ ಎಚ್ಚರಿಕೆ ಮುಖ್ಯ ಎಂಬುದು ಈ ವಿದ್ಯೆಯ ಮೊದಲ ಪಾಠ.

ಇನ್ನೊಂದು ಸುಳಿವೂ ಇತ್ತು. ಸಿಗಲಿಲ್ಲವೆಂದು ಹೇಳಿದ ಹೆಸರುಗಳ ಮುಂದೆಲ್ಲ ಒಂದು ಅಡಿಗೆರೆ ಇತ್ತು. ಸಿ ಭಾಷೆಯ ಹೆಸರುಗಳಿಗೆ ಹೀಗೆ ಅಡಿಗೆರೆ ಸೇರಿಸುವ ರೂಢಿ ಯೂನಿಕ್ಸಿನ ಆರಂಭದ ದಿನಗಳದು. ಅಸೆಂಬ್ಲಿ ಭಾಷೆಯ ಹೆಸರುಗಳೊಡನೆ ಘರ್ಷಣೆಯಾಗದಿರಲೆಂದು ಮಾಡಿದ್ದು. ವಿಂಡೋಸಿನ 32 ಬಿಟ್ಟಿನಲ್ಲಿ ಆ ರೂಢಿ ಉಳಿಯಿತು, 64 ಬಿಟ್ಟಿನಲ್ಲಿ ಬಿಟ್ಟುಹೋಯಿತು. ಬಲ್ಲವರಿಗೆ ಆ ಒಂದು ಗೆರೆಯೇ ಹಳಿಯ ಅಗಲವನ್ನು ಹೇಳುತ್ತದೆ. ಪ್ರಾಜೆಕ್ಟನ್ನು 64 ಬಿಟ್ಟಿಗೆ ಬದಲಿಸಿದಾಗ ಹದಿನಾಲ್ಕರಲ್ಲಿ ಹನ್ನೊಂದು ಮಾಯವಾದವು.

ಉಳಿದ ಮೂರು ಹೆಸರುಗಳು ವಿಚಿತ್ರವಾಗಿದ್ದವು: ಮೊದಲಿಗೆ ಪ್ರಶ್ನಾರ್ಥಕ ಚಿಹ್ನೆ, ನಡುವೆ ಎರಡೆರಡು @ ಗುರುತು. ಇದಕ್ಕೂ ಒಂದು ಚರಿತ್ರೆಯಿದೆ. ಹಳೆಯ ಲಿಂಕರುಗಳಿಗೆ ಹೆಸರೊಂದೇ ಗೊತ್ತು, ಅದೂ ಚಿಕ್ಕದಾಗಿರಬೇಕು. ಫೋರ್ಟ್ರಾನ್ ಕಾಲದ ಆರು ಅಕ್ಷರದ ಮಿತಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, 1989ರ ಸಿ ಭಾಷೆಯ ಮಾನಕವೂ ಹೊರಗಿನ ಹೆಸರುಗಳಲ್ಲಿ ಮೊದಲ ಆರು ಅಕ್ಷರಗಳಿಗೆ ಮಾತ್ರ ಭರವಸೆ ಕೊಟ್ಟಿತು. ಬ್ಯಾರ್ನ್ ಸ್ಟ್ರಾವ್‌ಸ್ಟ್ರಪ್ 1985ರಲ್ಲಿ ಹೊರತಂದ ಸಿ++ ಭಾಷೆಯಲ್ಲಿ ಒಂದೇ ಹೆಸರಿನ ಹಲವು ಕ್ರಿಯೆಗಳಿರಬಹುದು. ಲಿಂಕರಿಗೆ ಅವುಗಳ ಭೇದ ತಿಳಿಯಲೆಂದು, ಹೆಸರಿನೊಳಗೇ ಅವು ತೆಗೆದುಕೊಳ್ಳುವ ವಸ್ತುಗಳ ಬಗೆಯನ್ನೂ ಹೆಣೆದಿಡುವ ಉಪಾಯ ಹೂಡಿದರು. ಈ ಹೆಣಿಗೆಯನ್ನು ಒಂದೊಂದು ಕಂಪೈಲರ್ ಒಂದೊಂದು ರೀತಿ ಮಾಡುತ್ತದೆ. ಹುಡುಗಿಯ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ಕೊಟ್ಟಿದ್ದ ಅಕ್ಷಾಂಶ-ರೇಖಾಂಶದ ಲೈಬ್ರರಿ ಸಿ ಭಾಷೆಯದು; ಅಲ್ಲಿ ಹೆಸರು ಬೋಳಾಗಿತ್ತು. ಈಕೆಯ ಸಿ++ ಪ್ರೋಗ್ರಾಂ ಹೆಣೆದ ಹೆಸರನ್ನು ಹುಡುಕುತ್ತಿತ್ತು. ‘ಇವು ಸಿ ಭಾಷೆಯ ಹೆಸರುಗಳು, ಹೆಣೆಯಬೇಡ’ ಎಂದು ಹೆಡರಿನಲ್ಲಿ ಒಂದು ಸಾಲು ಬರೆದಾಗ ಆ ಮೂರೂ ಕೂಡಿಕೊಂಡವು.

ಯಾರು ಮುಂದೆ, ಯಾರು ಹಿಂದೆ

ಮನೆಯಲ್ಲಿ ಕೂಡಿದ್ದು ಕಾಲೇಜಿನ ಲಿನಕ್ಸ್ ಯಂತ್ರದಲ್ಲಿ ಕೂಡಲಿಲ್ಲ. ಅಲ್ಲಿ ಲೈಬ್ರರಿಗಳ ಹೆಸರೆಲ್ಲವನ್ನೂ ಕೊಟ್ಟಿದ್ದಳು, ಬಿಟ್ಟು ಕೂಡ ಸರಿಯಾಗಿತ್ತು. ಸಿಗಲಿಲ್ಲವೆಂದ ಹೆಸರುಗಳನ್ನು ಆಕೆ ಎಲ್ಲಿಯೂ ಕರೆದೇ ಇರಲಿಲ್ಲ!

ಅವನ್ನು ಕರೆದದ್ದು ನೆಟ್‌ಸಿಡಿಎಫ್. 2008ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ಎಚ್‌ಡಿಎಫ್5 ಎಂಬ ಮತ್ತೊಂದು ಲೈಬ್ರರಿಯ ಹೆಗಲ ಮೇಲೆ ನಿಂತಿದೆ. ಅದು ಅಂಕಿಗಳನ್ನು ಒತ್ತಿ ಚಿಕ್ಕದು ಮಾಡಲು ಝಡ್‌ಲಿಬ್ ಎಂಬ 1995ರ ಲೈಬ್ರರಿಯನ್ನು ಕರೆಯುತ್ತದೆ. ನೆಂಟರನ್ನು ಕರೆದರೆ ನೆಂಟರ ನೆಂಟರಿಗೂ ಎಲೆ ಹಾಕಬೇಕಾಗುತ್ತದೆ. ಆಕೆ ಎಲ್ಲರಿಗೂ ಎಲೆ ಹಾಕಿದ್ದಳು. ಪಂಕ್ತಿಯ ಕ್ರಮ ಮಾತ್ರ ತಿರುವುಮುರುವಾಗಿತ್ತು.

1970ರ ದಶಕದ ಯೂನಿಕ್ಸ್ ಓಡುತ್ತಿದ್ದ ಪಿಡಿಪಿ-11 ಯಂತ್ರದಲ್ಲಿ ಒಂದು ಪ್ರೋಗ್ರಾಮಿಗೆ ಸಿಗುತ್ತಿದ್ದ ವಿಳಾಸಗಳ ಹರವು 64 ಕಿಲೋಬೈಟು ಮಾತ್ರ. ಲೈಬ್ರರಿಯನ್ನು ಮತ್ತೆಮತ್ತೆ ತಡಕುವ ಐಶ್ವರ್ಯ ಅಲ್ಲಿನ ಲಿಂಕರಿಗಿರಲಿಲ್ಲ. ಅದು ಎಡದಿಂದ ಬಲಕ್ಕೆ ಒಮ್ಮೆ ಹೋಗುತ್ತಿತ್ತು. ಆವರೆಗೆ ಬಾಕಿಯಿರುವ ಹೆಸರುಗಳಿಗೆ ಬೇಕಾದಷ್ಟನ್ನು ಲೈಬ್ರರಿಯಿಂದ ಎತ್ತಿಕೊಂಡು ಮುಂದೆ ಸಾಗುತ್ತಿತ್ತು, ಹಿಂದಕ್ಕೆ ತಿರುಗುತ್ತಿರಲಿಲ್ಲ. ಆದ್ದರಿಂದ ಕರೆಯುವವರು ಮುಂದೆ, ಕರೆಸಿಕೊಳ್ಳುವವರು ಹಿಂದೆ ಇರಬೇಕು. ಸರಿಯಾದ ಕ್ರಮವನ್ನು ಕಂಡುಹಿಡಿಯಲೆಂದೇ ‘ಟಿಸಾರ್ಟ್’ ಎಂಬ ಪ್ರೋಗ್ರಾಂ ಹುಟ್ಟಿತು. ಇಂದು ಯಂತ್ರಗಳಿಗೆ ಅದರ ಲಕ್ಷಪಾಲು ಜಾಗವಿದ್ದರೂ ಗ್ನೂ ಲಿಂಕರ್ ಅದೇ ನಡೆಯನ್ನು ಉಳಿಸಿಕೊಂಡಿದೆ. ಆಕೆ ಝಡ್‌ಲಿಬ್ ಮೊದಲು, ನೆಟ್‌ಸಿಡಿಎಫ್ ಕೊನೆಗೆ ಬರೆದಿದ್ದಳು. ನೆಟ್‌ಸಿಡಿಎಫ್, ಎಚ್‌ಡಿಎಫ್5, ಝಡ್‌ಲಿಬ್ ಎಂದು ತಿರುಗಿಸಿ ಬರೆದಾಗ ದೂರು ನಿಂತಿತು.

ಮೂಲವಿಲ್ಲದ ಲೈಬ್ರರಿ

ಮೇ ತಿಂಗಳ ಕೊನೆಯಲ್ಲಿ ನಿಜವಾಗಿ ಕಷ್ಟವಾದ ಒಂದು ತಪ್ಪು ಎದುರಾಯಿತು. ನಕ್ಷೆ ಬರೆಯಲು ಆಕೆ ಯಾರಿಂದಲೋ ಪಡೆದ ಹಳೆಯ ಲೈಬ್ರರಿಯೊಂದನ್ನು ಸೇರಿಸಿದಳು. ‘ಐಒಬಿ ಫಂಕ್’ ಎಂಬ ಹೆಸರು ಸಿಗುತ್ತಿಲ್ಲ ಎಂದಿತು ಲಿಂಕರ್. ಈ ಹೆಸರನ್ನು ಕಂಡವರು ಕೂಡಲೇ 2015ನ್ನು ನೆನೆಯಬೇಕು. ಆ ವರ್ಷದ ವಿಷುವಲ್ ಸ್ಟುಡಿಯೋ ಜೊತೆಗೆ ಮೈಕ್ರೋಸಾಫ್ಟ್ ತನ್ನ ಸಿ ಲೈಬ್ರರಿಯನ್ನು ಹೊಸದಾಗಿ ಕಟ್ಟಿತು. ಓದುವ-ಬರೆಯುವ ಕಡತಗಳ ಪಟ್ಟಿಯನ್ನು ಕೊಡುತ್ತಿದ್ದ ಆ ಹಳೆಯ ಕ್ರಿಯೆ ಅದರಲ್ಲಿಲ್ಲ. ಅಂದರೆ ಈ ಲೈಬ್ರರಿಯನ್ನು 2015ಕ್ಕೆ ಮುಂಚಿನ ಕಂಪೈಲರಿನಲ್ಲಿ ಮಾಡಲಾಗಿತ್ತು.

ಆ ಹೆಸರಿನ ಒಂದು ಸುಳ್ಳು ಕ್ರಿಯೆಯನ್ನು ನಾವೇ ಬರೆದು ಲಿಂಕರಿನ ಬಾಯಿ ಮುಚ್ಚಿಸಬಹುದು. ಹಾಗೆ ಮಾಡಿದವರೂ ಉಂಟು. ಹುಡುಗಿಯೂ ಅದನ್ನೇ ಮಾಡಿ ನಗುತ್ತ ತೋರಿಸಿದಳು. ನಾನು ಬೇಡವೆಂದೆ. ಆ ಪಟ್ಟಿಯ ಒಳಗಿನ ರಚನೆಯೇ ಬದಲಾಗಿರುವಾಗ, ಇಂದು ಮುಚ್ಚಿದ ಬಾಯಿ ನಾಳೆ ಪ್ರೋಗ್ರಾಂ ಓಡುತ್ತಿರುವಾಗ ತೆರೆದುಕೊಳ್ಳುತ್ತದೆ. “ಲಿಂಕರ್ ದಡದಲ್ಲೇ ದೂರು ಹೇಳುತ್ತದಮ್ಮಾ. ಅಲ್ಲಿ ಅದನ್ನು ಸುಮ್ಮನಾಗಿಸಿದರೆ ಕಡಲಿನ ನಡುವೆ ಕೇಳಬೇಕಾಗುತ್ತದೆ,” ಎಂದೆ. ದೋಣಿಯ ಮನೆಯವಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಸರಿಯಾದ ಮದ್ದು ಒಂದೇ: ಮೂಲವನ್ನು ತೆಗೆದುಕೊಂಡು ಈಗಿನ ಕಂಪೈಲರಿನಲ್ಲಿ ಮತ್ತೆ ಕಟ್ಟುವುದು. ಆದರೆ ಆ ಲೈಬ್ರರಿಯ ಮೂಲ ಸಿಗಲಿಲ್ಲ. ಅದನ್ನು ಮಾಡಿದವರ ವಿಳಾಸವೂ ಸಿಗಲಿಲ್ಲ. ಎರಡು ವಾರದ ಕೆಲಸವನ್ನು ಕೈಬಿಟ್ಟು, ಮೂಲ ಬಹಿರಂಗವಾಗಿರುವ ಇನ್ನೊಂದು ಲೈಬ್ರರಿಯಿಂದ ನಕ್ಷೆಯನ್ನು ಮತ್ತೆ ಬರೆಯಬೇಕಾಯಿತು. ಹೊರಗಿನವರ ಲೈಬ್ರರಿಯನ್ನು ಆರಿಸುವಾಗ ಅದು ಏನು ಮಾಡುತ್ತದೆ ಎಂಬುದರಷ್ಟೇ, ಅದನ್ನು ಮತ್ತೆ ಕಟ್ಟುವ ಹಕ್ಕು ನಮಗಿದೆಯೇ ಎಂಬುದನ್ನೂ ಕೇಳಬೇಕು. ಪತ್ರವಿಲ್ಲದ ಮನೆಯನ್ನು ನಾವು ಕೊಳ್ಳುವುದಿಲ್ಲವಲ್ಲ.

ಮಲ್ಪೆಯ ಪ್ರತಿ

ಜೂನ್ 12ರಂದು ಪ್ರೋಗ್ರಾಂ ಹುಟ್ಟಿತು. ತಂದೆಯ ಕಂಪ್ಯೂಟರಿಗೆ ಒಯ್ದಾಗ ‘ಡಿಎಲ್‌ಎಲ್ ಸಿಗಲಿಲ್ಲ’ ಎಂದು ನಿಂತಿತು. ಇದು ಲಿಂಕರಿನ ದೂರಲ್ಲ. 1985ರ ಮೊದಲ ವಿಂಡೋಸಿನಿಂದ ಇರುವ ಪದ್ಧತಿಯಂತೆ, ಲೈಬ್ರರಿಯ ಮೈಯನ್ನು ಪ್ರೋಗ್ರಾಮಿನೊಳಗೆ ತುಂಬದೆ, ಓಡುವ ಹೊತ್ತಿಗೆ ಹೊರಗಿನಿಂದ ಕರೆಸಬಹುದು. ಆಗ ಲಿಂಕರ್ ನೋಡುವುದು ವಿಳಾಸದ ಚೀಟಿಯನ್ನು ಮಾತ್ರ. ಬೇಕಾದ ಡಿಎಲ್‌ಎಲ್ ಕಡತಗಳನ್ನು ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟಾಗ ಬಂಗಾಳ ಕೊಲ್ಲಿ ಬಣ್ಣಬಣ್ಣವಾಗಿ ಪರದೆಯ ಮೇಲೆ ಬಂತು. ತಂದೆ ಬಹಳ ಹೊತ್ತು ನೋಡಿ, ಒಂದು ಕಡೆ ಬೆರಳಿಟ್ಟು, “ಇಲ್ಲಿ ನೀರು ತಣ್ಣಗಿರುವುದು ನನ್ನಪ್ಪನಿಗೂ ಗೊತ್ತಿತ್ತು,” ಎಂದರಂತೆ. ಮೆಚ್ಚುಗೆಯೋ ಹಾಸ್ಯವೋ, ಮಗಳಿಗೆ ಸಂತೋಷವಾಯಿತು.

ನನ್ನ ಆಸೆ ಇನ್ನೊಂದಿದೆ. ಇದರ ಕನ್ನಡ ಪ್ರತಿ ಮಲ್ಪೆಗೆ ಹೋಗಬೇಕು. ಕನ್ನಡಕ್ಕೆ 1991ರ ಮೊದಲ ಯೂನಿಕೋಡಿನಲ್ಲೇ ಸ್ಥಾನವಿದೆ. ಆದರೆ ಒತ್ತಕ್ಷರವನ್ನು ಸರಿಯಾದ ಜಾಗದಲ್ಲಿ ಕೂರಿಸಲು ಹಾರ್ಫ್‌ಬಜ್‌ನಂತಹ ಲೈಬ್ರರಿ ಬೇಕು. ಅಕ್ಷರದ ಆಕಾರವನ್ನು ಬಿಡಿಸುವ ಫ್ರೀಟೈಪ್ ಎಂಬುದೂ ಬೇಕು. ಇವೆರಡೂ ಒಂದನ್ನೊಂದು ಕರೆಯಬಲ್ಲವು! ಯಾರು ಮುಂದೆ, ಯಾರು ಹಿಂದೆ? ಮೊದಲು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪನ್ನು ಕಟ್ಟಿ, ಅದರಿಂದ ಹಾರ್ಫ್‌ಬಜ್ ಕಟ್ಟಿ, ಅನಂತರ ಫ್ರೀಟೈಪನ್ನು ಮತ್ತೊಮ್ಮೆ ಕಟ್ಟುವುದು ಬಲ್ಲವರ ಕ್ರಮ. ಕೂಡಿಸುವಾಗಲೂ ಒಂದರ ಹೆಸರನ್ನು ಎರಡು ಬಾರಿ ಬರೆಯಬೇಕಾಗಬಹುದು. ಆ ಕೆಲಸ ಇನ್ನೂ ನಡೆದಿದೆ.

ಹುಡುಗಿ ಈಗ ಒಂದು ನೋಟುಪುಸ್ತಕ ಇಟ್ಟಿದ್ದಾಳೆ. ಪ್ರತಿ ಲೈಬ್ರರಿಗೂ ಐದು ಅಂಕಣ: ಎಲ್ಲಿಂದ ತಂದದ್ದು, ಯಾವ ಆವೃತ್ತಿ, ಎಷ್ಟು ಬಿಟ್ಟು, ಯಾವ ಕಂಪೈಲರಿನಲ್ಲಿ ಕಟ್ಟಿದ್ದು, ಅದು ಯಾರನ್ನು ಕರೆಯುತ್ತದೆ. ಕೇಂಬ್ರಿಜ್‌ನ ಬೀರುವಿನ ಪಕ್ಕದಲ್ಲಿ ಬೇಕಾಗಿದ್ದುದೂ ಇಂತಹ ಲೆಕ್ಕವೇ. ಲಿಂಕರಿನ ದೂರು ನಮ್ಮ ತಪ್ಪನ್ನೋ ಲೈಬ್ರರಿಯವರ ತಪ್ಪನ್ನೋ ಹೇಳುವುದು ಕಡಮೆ. ಎರಡು ಕಾಲದಲ್ಲಿ, ಎರಡು ಕಡೆ, ಒಬ್ಬರನ್ನೊಬ್ಬರು ಕಾಣದವರು ಮಾಡಿದ ಎರಡು ವಸ್ತುಗಳು ಸಂಧಿಸುವ ಜಾಗವನ್ನು ಅದು ತೋರಿಸುತ್ತದೆ. ಆ ಜಾಗದ ಚರಿತ್ರೆ ಗೊತ್ತಿದ್ದರೆ ಅರ್ಧ ಪರಿಹಾರ ಸಿಕ್ಕಂತೆ.

ಮಲ್ಪೆ, ಗಂಗೊಳ್ಳಿ ಕಡೆಯವರು ನಮ್ಮ ಸದಸ್ಯರಲ್ಲಿ ಇದ್ದಾರೆ. ಕಡಲಿನ ತಾಣಗಳಿಗೆ ಅಲ್ಲಿನ ಮೀನುಗಾರರು ಬಳಸುವ ಹೆಸರುಗಳು ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿರಿ. ನಕ್ಷೆಯ ಮೇಲೆ ಆ ಹೆಸರುಗಳು ಇನ್ನೂ ಬಂದಿಲ್ಲ.